ತಿದ್ದಿದ ವಾಕ್ಯ

ಎರಡನೆಯ ಅವಧಿ ಶುರುವಾದ ಮೇಲೂ ಅವಳು ಶೌಚಾಲಯದ ಬೇಸಿನ್ನಿನ ಮುಂದೆ ನಿಂತು ಕೈ ತೊಳೆಯುತ್ತಲೇ ಇದ್ದಳು. ಕೈಗೆ ಏನೂ ಅಂಟಿರಲಿಲ್ಲ. ಕೈ ಒಡ್ಡಿದರೆ ಬಿಸಿನೀರು ತಾನೇ ಬರುತ್ತಿತ್ತು, ತೆಗೆದರೆ ತಾನೇ ನಿಲ್ಲುತ್ತಿತ್ತು. ಈ ಪರದೇಶದಲ್ಲಿ ಅವಳ ಮಾತು ಇಷ್ಟು ಕೇಳುವ ವಸ್ತು ಇದೊಂದೇ ಇದ್ದದ್ದು, ಅದನ್ನು ಬಿಟ್ಟು ಹೊರಗೆ ಹೋಗಲು ಮನಸ್ಸಾಗಲಿಲ್ಲ. ಕನ್ನಡಿಯಲ್ಲಿ ಮುಖ ಎಂದಿನಂತೆಯೇ ಇತ್ತು. ಸ್ವಲ್ಪವಾದರೂ ಬಾಡಿರಬೇಕಿತ್ತು ಎಂದು ಅವಳು ಹುಡುಕಿದಳು. ಬಾಡುವುದಿರಲಿ, ತುಂಬಿದ ತರಗತಿಯಲ್ಲಿ ಶಹಬ್ಬಾಸ್ ಅನ್ನಿಸಿಕೊಂಡ ಬಿಸಿ ಇನ್ನೂ ಕೆನ್ನೆಯ ಮೇಲೆ ಹಾಗೇ ಉಳಿದಿತ್ತು. ನೆಲ ಒರೆಸುತ್ತಿದ್ದ ಹೆಂಗಸು ಇವಳನ್ನು ಆಗಾಗ ಓರೆಗಣ್ಣಿನಿಂದ ನೋಡುತ್ತಿದ್ದಳು. ಹೊಟ್ಟೆ ತೊಳಸುತ್ತಿರಬೇಕು ಎಂದುಕೊಂಡಳೋ ಏನೋ, ಕೋಲನ್ನು ಗೋಡೆಗೆ ಒರಗಿಸಿ ಬಂದು, ಕೈ ಒರೆಸುವ ಕಾಗದವನ್ನು ಎಳೆದು ಇವಳ ಕೈಗೆ ಕೊಟ್ಟಳು; ಆಮೇಲೆ ಇವಳು ಒದ್ದೆ ನೆಲದಲ್ಲಿ ಜಾರದಿರಲೆಂದು ಬಾಗಿಲಿನವರೆಗೂ ಒಣಬಟ್ಟೆ ಎಳೆದು ಸಣ್ಣದೊಂದು ದಾರಿ ಮಾಡಿದಳು. ಆ ದಾರಿಯಲ್ಲಿ ನಡೆದು ಹೊರಗೆ ಬಂದಾಗ ತರಗತಿಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಮೇಷ್ಟ್ರ ದನಿ, ಅದರ ಹಿಂದೆಯೇ ಯಾರದೋ ನಗು. ಬಾಗಿಲಿನ ಗಾಜಿನಲ್ಲಿ ಇಣುಕಿದರೆ ಗೆಳತಿ ಸಿಸ್ಟರ್ ಕೂತ ಜಾಗ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ಇಣುಕಲಿಲ್ಲ. ಕೋಟನ್ನು ಒಳಗೇ ಬಿಟ್ಟು, ಹಿಂದಿನ ಮೆಟ್ಟಿಲಿಳಿದು ಬೀದಿಗೆ ಬಂದುಬಿಟ್ಟಳು.

ವ್ಯಾಪಾರ, ಆಡಳಿತ ಇವನ್ನು ಕಲಿಸುವ ಆ ಶಾಲೆಯಲ್ಲಿ ಮೇಷ್ಟ್ರುಗಳು ಪಾಠ ಮಾಡುತ್ತಿರಲಿಲ್ಲ. ಕಷ್ಟಕ್ಕೆ ಸಿಕ್ಕಿದ ಯಾವುದೋ ಒಂದು ಕಂಪನಿಯ ಕಥೆಯನ್ನು ಹಿಂದಿನ ದಿನ ಕೊಡುತ್ತಿದ್ದರು. ಅದನ್ನು ಓದಿಕೊಂಡು ಬಂದು ಬೆಳಿಗ್ಗೆ ತರಗತಿಯಲ್ಲಿ ವಾದಿಸಬೇಕು. ಅರ್ಧಚಂದ್ರಾಕಾರವಾಗಿ, ಮೆಟ್ಟಿಲುಮೆಟ್ಟಿಲಾಗಿ ಏರಿದ ಬೆಂಚುಗಳಿಂದ ಕೈಗಳು ಏಳುತ್ತಿದ್ದವು. ಕೆಲವೊಮ್ಮೆ ಮೇಷ್ಟ್ರು ಎದ್ದ ಕೈಗಳನ್ನೆಲ್ಲ ಬಿಟ್ಟು, ತಲೆ ತಗ್ಗಿಸಿ ಕೂತವರ ಹೆಸರನ್ನೇ ಹಿಡಿದು ಕರೆದು, ನೀವು ಶುರುಮಾಡಿ ಎನ್ನುತ್ತಿದ್ದರು. ಅರ್ಧಕ್ಕರ್ಧ ಅಂಕ ಬಾಯಿಬಿಟ್ಟು ಆಡಿದ ಮಾತಿಗೆ. ಸುಮ್ಮನೆ ಕೂತವರು ಎಷ್ಟೇ ತಿಳಿದವರಾದರೂ ಆ ಹೊತ್ತಿಗೆ ಅಲ್ಲಿ ಇಲ್ಲದವರೇ. ಊರಿನಲ್ಲಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಅವಳು ಬರುವಾಗ, ಮಾತಿನ ಶಾಲೆ ತಾನೇ, ನನಗೇನು ಭಯ ಎಂದುಕೊಂಡೇ ಬಂದಿದ್ದಳು. ಬಂದ ಮೇಲೆ ಮೆಲ್ಲನೆ ತಿಳಿಯುತ್ತ ಹೋದದ್ದು ಬೇರೆ. ವಾಕ್ಯಗಳು ಅವಳ ಹತ್ತಿರ ಬೇಕಾದಷ್ಟಿದ್ದವು, ಅವುಗಳೊಳಗೆ ಇಡುವುದಕ್ಕೆ ಏನೂ ಇರಲಿಲ್ಲ. ತೊಳೆದು ಒರೆಸಿ ಸಾಲಾಗಿ ಬೋರಲು ಹಾಕಿದ ಪಾತ್ರೆಗಳ ಹಾಗೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ, ಚೆನ್ನಾಗಿ ನಡೀತಿದೆ ಅನ್ನುತ್ತಿದ್ದಳು.

ಸಿಸ್ಟರ್ ಅವಳ ಜೊತೆ ಮನೆ ಹಂಚಿಕೊಂಡಿದ್ದವಳು. ಅದೇ ತರಗತಿಯವಳು, ಅವಳಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಹೆರಿಗೆ ಆಸ್ಪತ್ರೆಯೊಂದರಲ್ಲಿ ಬಹಳ ಕಾಲ ನರ್ಸಾಗಿದ್ದದ್ದರಿಂದ ಇಲ್ಲಿಯೂ ಎಲ್ಲರ ಬಾಯಲ್ಲಿ ಸಿಸ್ಟರ್ ಎಂದೇ ಆಗಿಬಿಟ್ಟಿದ್ದಳು. ಆ ಆಸ್ಪತ್ರೆಯ ಡಾಕ್ಟರಮ್ಮನಿಗೆ ಮಕ್ಕಳಿಲ್ಲ, ಕಣ್ಣು ಮಂದವಾಗುತ್ತಿತ್ತು. ಆಸ್ಪತ್ರೆಯನ್ನು ಕೊಳ್ಳುತ್ತೇವೆಂದು ಬಂದವರನ್ನೆಲ್ಲ ಬಾಗಿಲಲ್ಲೇ ಮಾತಾಡಿಸಿ ಕಳಿಸಿ, ನೀನು ನಡೆಸುವುದನ್ನು ಕಲಿತು ಬಾ, ಅಲ್ಲಿಯವರೆಗೆ ನಾನು ಹೇಗೋ ಇಟ್ಟುಕೊಂಡಿರುತ್ತೇನೆ ಎಂದು ಸಿಸ್ಟರನ್ನು ಓದಲು ಕಳಿಸಿದ್ದರು. ಸಿಸ್ಟರ್ ಬರೆದರೆ ಹೇಗೋ ಸರಿಹೋಗುತ್ತಿತ್ತು. ತರಗತಿಯಲ್ಲಿ ಬಾಯಿ ತೆರೆಯಬೇಕೆಂದರೆ ಇಂಗ್ಲಿಷ್ ಪದಗಳು ಬಾಗಿಲಲ್ಲಿ ಒಂದರ ಮೇಲೊಂದು ಬಿದ್ದು ಸಿಕ್ಕಿಕೊಳ್ಳುತ್ತಿದ್ದವು. ನಡುವರ್ಷದಲ್ಲಿ ಶಾಲೆಯ ಸಮಿತಿ ಕರೆದು ಮರ್ಯಾದೆಯಿಂದಲೇ ಹೇಳಿತ್ತು: ಈ ಒಂದು ವಿಷಯದಲ್ಲಾದರೂ ನೀವು ಮಾತಾಡುವುದನ್ನು ಮೇಷ್ಟ್ರು ಕೇಳಬೇಕು, ಇಲ್ಲದಿದ್ದರೆ ಎರಡನೆಯ ವರ್ಷಕ್ಕೆ ಕಳಿಸಲಾಗುವುದಿಲ್ಲ, ಮನೆಗೆ ಹೋಗಬೇಕಾಗುತ್ತದೆ. ಅಂದಿನಿಂದ ಸಂಜೆ ಅಡುಗೆಮನೆಯ ಮೇಜಿನಲ್ಲಿ ಸಿಸ್ಟರ್ ತನಗೆ ಹೊಳೆದದ್ದನ್ನು ಕನ್ನಡದಲ್ಲಿ ಹೇಳುವುದು, ಅವಳು ಅದಕ್ಕೊಂದು ಇಂಗ್ಲಿಷ್ ವಾಕ್ಯ ಕಟ್ಟಿಕೊಡುವುದು, ಸಿಸ್ಟರ್ ಅದನ್ನು ಬಚ್ಚಲಿನಲ್ಲಿ ಉರುಹೊಡೆಯುವುದು ಅಭ್ಯಾಸವಾಗಿತ್ತು. ಹಾಗೆ ಆಡಿದ ಒಂದೆರಡು ಮಾತು ತರಗತಿಯಲ್ಲಿ ಚೆನ್ನಾಗಿಯೇ ಕೂತಿದ್ದವು. ಭಾಷೆ ಸುಧಾರಿಸುತ್ತಿದೆ ಎಂದು ಮೇಷ್ಟ್ರು ಸಮಿತಿಗೆ ಹೇಳಿದ್ದಾರಂತೆ ಎಂದು ಆಫೀಸಿನ ಹುಡುಗಿ ತಿಳಿಸಿದ ದಿನ ಸಿಸ್ಟರ್ ಅವಳ ಎರಡು ಕೈಯನ್ನೂ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಿದ್ದಳು. ಅವಳಿಗೆ ಮುಜುಗರವಾಗಿತ್ತು, ಸಂತೋಷವೂ ಆಗಿತ್ತು. ಯಾವುದು ಹೆಚ್ಚು ಎಂದು ಅವತ್ತು ನೋಡಿಕೊಳ್ಳಲಿಲ್ಲ.

ಇವತ್ತು ಆ ವಿಷಯದ ಕೊನೆಯ ತರಗತಿ. ಇವತ್ತೊಂದು ಮಾತು ಆಡಿಬಿಟ್ಟರೆ ಗೆದ್ದ ಹಾಗೆ ಎಂದು ನಿನ್ನೆ ಸಂಜೆಯಿಂದ ಸಿಸ್ಟರ್ ಹೇಳಿಕೊಂಡೇ ಓಡಾಡುತ್ತಿದ್ದಳು. ಕೊಡೆ ಮಾಡುವ ಕಂಪನಿಯ ಕಥೆ. ಮಳೆಗಾಲದ ಮುಂಚೆ ಅಂಗಡಿಯವರಿಂದ ಎಷ್ಟು ಬೇಡಿಕೆ ಬರುತ್ತದೆಂದರೆ ಕಂಪನಿ ಇನ್ನೊಂದು ಕಾರ್ಖಾನೆ ಕಟ್ಟಲು ಹೊರಟಿದೆ, ಕಟ್ಟಬೇಕೋ ಬೇಡವೋ. ಅವಳು ಲೆಕ್ಕ ಹಾಕಿ, ಕಟ್ಟಬೇಕು ಎಂದು ತೀರ್ಮಾನಿಸಿ ಪುಸ್ತಕ ಮುಚ್ಚಿದ್ದಳು. ಸಿಸ್ಟರ್ ಹುರುಳಿಕಾಯಿಯ ನಾರು ತೆಗೆಯುತ್ತ, ಎಲ್ಲೋ ನೋಡುತ್ತ, ಬೇರೆಯೇ ಏನೋ ಶುರುಮಾಡಿದಳು. "ನೋಡು ಟೀಚರಮ್ಮ, ವಾರ್ಡಿನಲ್ಲಿ ಮಂಚದ ಪಕ್ಕ ಒಂದು ಬೆಲ್ ಇರುತ್ತೆ. ಒಂದಿನ ಯಾರೋ ಒತ್ತಿದಾಗ ನಾವು ಹೋಗೋದು ತಡ ಆಯ್ತು ಅನ್ನು. ಆಮೇಲೆ ಎಲ್ಲರೂ ಸುಮ್ಮಸುಮ್ಮನೆ ಒತ್ತೋಕೆ ಶುರು. ನೋವಿಗಲ್ಲ. ಕರೆದರೆ ಬರ್ತಾರೋ ಇಲ್ವೋ ಅನ್ನೋ ಭಯಕ್ಕೆ. ಅವರು ಕರೆಯೋಕೆ ಮುಂಚೆ ನಾವೇ ಒಂದು ಸುತ್ತು ಹೋಗಿ ಮಾತಾಡಿಸಿ ಬಂದ್ರೆ ಬೆಲ್ ನಿಂತೇ ಹೋಗುತ್ತೆ. ಈ ಅಂಗಡಿಯವರೂ ಹಾಗೇ ಕಣೆ. ಹೋದ ವರ್ಷ ಮಾಲು ಸಿಕ್ಕಿಲ್ಲ, ಈ ವರ್ಷ ಹೆದರಿ ಎರಡರಷ್ಟು ಕೇಳ್ತಿದ್ದಾರೆ. ಕಾರ್ಖಾನೆ ಯಾಕೆ ಬೇಕು?" ತಾನು ಕಂಡಿರಲೇ ಇಲ್ಲ ಅದನ್ನು. ಆಮೇಲೆ ಎಂದಿನಂತೆ ಪೆನ್ನು ತೆಗೆದುಕೊಂಡು, ಬೆಲ್ಲಿನ ವಿಚಾರ ಬೇಡ ಅಕ್ಕ, ಹೆರಿಗೆ ವಾರ್ಡಿನ ಮಾತು ತೆಗೆದರೆ ನಗುತ್ತಾರೆ ಎಂದು ಅದನ್ನು ಹೊಡೆದುಹಾಕಿದಳು. ಉಳಿದದ್ದನ್ನು ತಿದ್ದಿ ತೀಡಿ ಒಂದು ವಾಕ್ಯ ಮಾಡಿದಳು: ನಾವು ಕಾಣುತ್ತಿರುವ ಬೇಡಿಕೆ ಕೊಡೆಯದಲ್ಲ, ಭಯದ್ದು, ಭಯಕ್ಕೆ ಕಾರ್ಖಾನೆ ಕಟ್ಟಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಅದು ಇನ್ನೂ ಚೂಪಾಗಿತ್ತು. ಸಿಸ್ಟರ್ ಬಾಯಿಗೆ ಕೈ ಇಟ್ಟುಕೊಂಡು, "ನಾನು ಇಷ್ಟು ಜಾಣೆ ಅಂತ ನನಗೇ ಗೊತ್ತಿರಲಿಲ್ಲ" ಎಂದಳು. ಬೆಳಿಗ್ಗೆ ಹಲ್ಲುಜ್ಜುವಾಗ ಬಚ್ಚಲಿನಿಂದ ಆ ವಾಕ್ಯ ನೊರೆಯೊಡನೆ ಕೇಳುತ್ತಿತ್ತು. ಅವಳು ಹೊರಗಿನಿಂದಲೇ ಒಂದು ಉಚ್ಚಾರಣೆಯನ್ನು ತಿದ್ದಿದಳು. ಸಿಸ್ಟರ್ ಮತ್ತೆ ಹೇಳಿದಳು. ಅವಳು ಮತ್ತೆ ತಿದ್ದಿದಳು. ಹೀಗಾಗಿ ವಾಕ್ಯ ಇಬ್ಬರ ಬಾಯಲ್ಲೂ ಓಡಾಡಿ ನುಣ್ಣಗಾಯಿತು.

ಬೀದಿಯಲ್ಲಿ ಗಾಳಿ ಬ್ಲೌಸಿನ ತೋಳಿನೊಳಗೆ ನುಗ್ಗುತ್ತಿತ್ತು. ಬಾಗಿಲು ತೆರೆಯುತ್ತಿದ್ದ ಅಂಗಡಿಗಳು, ಪೆಟ್ಟಿಗೆ ಇಳಿಸುತ್ತಿದ್ದ ಲಾರಿ, ತನ್ನನ್ನು ಕಟ್ಟಿಹಾಕಿ ಒಳಗೆ ಹೋದವನಿಗಾಗಿ ಕುಂಯ್‌ಗುಡುತ್ತಿದ್ದ ನಾಯಿ. ಬಸ್ಸಿಗಾಗಿ ಕಾಯುವ ಬೆಂಚಿನಲ್ಲಿ ಕೂತಿದ್ದ ಮುದುಕರೊಬ್ಬರು ಇವಳ ಬರಿತೋಳು ನೋಡಿ, ಗಾಳಿ ಬೀಸುವ ಬದಿಗೆ ತಾವು ಸರಿದು ಇವಳಿಗೆ ಒಳಬದಿಯ ಜಾಗ ಬಿಟ್ಟುಕೊಟ್ಟರು. ಬಸ್ಸುಗಳು ಬಂದವು, ಹೋದವು, ಅವರೂ ಒಂದರಲ್ಲಿ ಹತ್ತಿ ಹೋದರು. ಅವಳು ಕೂತೇ ಇದ್ದಳು. ಮೊದಲ ಅವಧಿಯಲ್ಲಿ ಆದದ್ದಾದರೂ ಎಷ್ಟು. ಯಾರು ಶುರುಮಾಡುತ್ತೀರಿ ಎಂದು ಮೇಷ್ಟ್ರು ಕೇಳಿದರು. ಪಕ್ಕದಲ್ಲಿ ಒಬ್ಬರನ್ನು ಬಿಟ್ಟು ಆಚೆ ಕೂತಿದ್ದ ಸಿಸ್ಟರಿನ ಕೈ ಮೇಜಿನಿಂದ ಎದ್ದಿತು, ಭುಜದವರೆಗೂ ಬಂದಿತ್ತು, ಅವಳು ನೋಡಿದ್ದಳು. ಅಷ್ಟರಲ್ಲಿ ಮೇಷ್ಟ್ರು ಸಿಸ್ಟರನ್ನು ಬಿಟ್ಟು ಇವಳ ಹೆಸರು ಕರೆದರು. ತಲೆ ಖಾಲಿಯಾಯಿತು. ಕಾರ್ಖಾನೆ ಕಟ್ಟಬೇಕು ಎಂಬ ತನ್ನ ಲೆಕ್ಕಗಳು ಎಲ್ಲಿಗೆ ಹೋದವೋ. ಸುತ್ತ ಕುರ್ಚಿಗಳು ಅವಳತ್ತ ತಿರುಗಿದ ಸದ್ದು ಕೇಳಿತು, ಯಾರೋ ಕೆಮ್ಮಿದರು, ಬಾಯಿ ತೆರೆದರೆ ಅಲ್ಲಿ ಸಿದ್ಧವಾಗಿ ಕಾದು ಕೂತಿದ್ದದ್ದು ಅದೊಂದೇ ವಾಕ್ಯ. ಹೊರಗೆ ಬಂದಿತು. ಒಂದು ಪದವೂ ತಡವರಿಸಲಿಲ್ಲ. ಮೇಷ್ಟ್ರು ಬೆನ್ನು ತಿರುಗಿಸಿ ಅದನ್ನು ಬೋರ್ಡಿನ ಮೇಲೆ ಇದ್ದಹಾಗೇ ಬರೆದರು, ಕೆಳಗೆ ಗೆರೆ ಎಳೆದರು, ಇವತ್ತಿನ ತರಗತಿ ಇಲ್ಲೇ ಮುಗಿಸಬಹುದು ಎಂದು ತಮಾಷೆ ಮಾಡಿದರು. ಮೇಲಿನ ಸಾಲಿನವರು ಮೇಜು ತಟ್ಟಿದರು. ಆಗ ಅವಳು ಅತ್ತ ನೋಡಿದಳು. ಸಿಸ್ಟರಿನ ಕೈ ಗಾಳಿಯಲ್ಲಿ ಇನ್ನೂ ಇತ್ತು. ಆಮೇಲೆ, ಅದು ಎದ್ದದ್ದೇ ಅದಕ್ಕೆ ಎನ್ನುವ ಹಾಗೆ, ಮುಂದೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿತು. ಸಿಸ್ಟರ್ ಅವಳ ಕಡೆಗೆ ತಿರುಗಿ ನಕ್ಕಳು. ಹಲ್ಲು ಕಾಣದ ಸಣ್ಣ ನಗು.

ಅದನ್ನು ಅವಳು ಎಲ್ಲೋ ನೋಡಿದ್ದಳು. ಅಪ್ಪ ನೆಂಟರಿಷ್ಟರಲ್ಲಿ ಬುದ್ಧಿವಂತರೆಂದು ಹೆಸರಾದವರು. ಪಾಲು ಜಗಳ, ಅತ್ತೆಸೊಸೆ ಜಗಳ, ಮದುವೆ ನಿಂತುಹೋಗುವ ಸಂದರ್ಭ, ಏನೇ ಆದರೂ ಜನ ಹಜಾರಕ್ಕೆ ಬಂದು ಕೂರುತ್ತಿದ್ದರು. ಅಮ್ಮ ಒಳಗೆ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಮಗಳನ್ನು ಕರೆದು, ಕೈಗೊಂದು ನೀರಿನ ಲೋಟ ಕೊಟ್ಟು, ಕಿವಿಯಲ್ಲಿ ಒಂದು ಮಾತು ಹೇಳಿ ಕಳಿಸುತ್ತಿದ್ದಳು. ಅವಳು ನೀರು ಕೊಡುವಾಗ ಅಪ್ಪನ ಕಿವಿಗೆ ಅದನ್ನು ಮುಟ್ಟಿಸುತ್ತಿದ್ದಳು. ಅಪ್ಪ ನೀರು ಕುಡಿದು, ಲೋಟ ಕೆಳಗಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ನನಗನ್ನಿಸುವುದು ಏನೆಂದರೆ ಎಂದು ಶುರುಮಾಡುತ್ತಿದ್ದರು. ಜನ ತಲೆದೂಗುತ್ತಿದ್ದರು. ಒಂದು ಸಲ ಅವಳು ಒಳಗೆ ಓಡಿಬಂದು, ಅದು ನೀನು ಹೇಳಿದ್ದಲ್ವಾ ಅಮ್ಮ ಎಂದು ಕೇಳಿದ್ದಳು. "ಯಾರ ಬಾಯಿಂದ ಬಂದರೇನೇ, ಅವರ ಮನೆ ಒಡೆಯೋದು ತಪ್ಪಿತಲ್ಲ" ಎಂದು ಅಮ್ಮ ಮೊರದಿಂದ ತಲೆ ಎತ್ತದೆ ನಕ್ಕಿದ್ದಳು. ಹಲ್ಲು ಕಾಣದ ನಗು. ಅಮ್ಮನಿಗೆ ಅಷ್ಟೇ ಸಾಕು ಎಂದು ಮನೆಯವರೆಲ್ಲ ನಂಬಿದ್ದರು. ಅಪ್ಪ ಹೋದ ಮೇಲೆ ಚಿಕ್ಕಪ್ಪನ ಮಕ್ಕಳ ನಡುವೆ ಏನೋ ಬಂದು, ಈಗ ನೀವೇ ಹಿರಿಯರು, ನೀವೇ ಹೇಳಿ ಎಂದು ಅಮ್ಮನನ್ನು ಹಜಾರಕ್ಕೆ ಕರೆದು ಕೂರಿಸಿದರು. ಅಮ್ಮ ಬಾಯಿ ತೆರೆದಳು. ಅಪ್ಪನ ಖಾಲಿ ಕುರ್ಚಿಯ ಕಡೆ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಬಂದವರು ಮುಖಮುಖ ನೋಡಿಕೊಂಡರು. ಕೊನೆಗೆ, ಎಲ್ಲರಿಗೂ ಕಾಫಿ ಮಾಡಲಾ ಎಂದು ಕೇಳಿ ಎದ್ದುಹೋದಳು. ಈಗ ಅವಳು ಬಸ್ ನಿಲ್ದಾಣದ ಬೆಂಚಿನಿಂದ ಎದ್ದಳು. ತನ್ನದೇನೂ ಅಂಥ ದೊಡ್ಡ ತಪ್ಪಲ್ಲ, ವಾಕ್ಯವಂತೂ ತನ್ನದೇ, ವಿಚಾರ ಮಾತ್ರ ಸಿಸ್ಟರಿನದು ಎಂದು ಬೆಳಗಿನಿಂದ ಒಳಗೆ ಯಾರೋ ನಯವಾದ ಇಂಗ್ಲಿಷಿನಲ್ಲಿ ವಾದಿಸುತ್ತಲೇ ಇದ್ದರು. ಆ ದನಿಯ ಬಾಯಿ ಮುಚ್ಚಿಸಬೇಕಾದರೆ ಮೇಷ್ಟ್ರ ಹತ್ತಿರ ಹೋಗಿ, ಆ ಮಾತು ನನ್ನದಲ್ಲ, ಸಿಸ್ಟರಿನದು, ಅದನ್ನು ಅವರ ಲೆಕ್ಕಕ್ಕೆ ಹಾಕಿ ಎಂದು ಹೇಳಿಬಿಡುವುದೊಂದೇ ದಾರಿ. ಹಾಗೆ ನಿಶ್ಚಯಿಸಿದೊಡನೆ ಅವಳಿಗೆ ಹಗುರವಾಯಿತು. ಹಸಿವೂ ಆಯಿತು.

ಮಧ್ಯಾಹ್ನ ಮೇಷ್ಟ್ರು ಕೋಣೆಯಲ್ಲಿ ಒಬ್ಬರೇ ಇದ್ದರು. ಬಿಳಿಗೂದಲಿನ ಸಾಧು ಮನುಷ್ಯ. ಇವಳು ನಡುಗುತ್ತಿದ್ದದ್ದನ್ನು ಕಂಡು ಎದ್ದುಹೋಗಿ ಕಿಟಕಿ ಮುಚ್ಚಿದರು, ಬಿಸಿನೀರಿನ ಲೋಟ ಕೊಟ್ಟರು. ಬೆಳಗಿನ ಮಾತು ಬಹಳ ಸೊಗಸಾಗಿತ್ತು ಎಂದು ಮತ್ತೆ ಹೊಗಳಲು ಹೊರಟವರನ್ನು ತಡೆದು ಅವಳು ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದರಿಂದ ಚೆನ್ನಾಗಿಯೇ ಹೇಳಿದಳು, ನಿನ್ನೆ ಸಂಜೆ ಇಬ್ಬರೂ ಕೂತು ಅದನ್ನು ಇಂಗ್ಲಿಷಿನಲ್ಲಿ ಸಿದ್ಧಮಾಡಿದ್ದನ್ನೂ ಬಿಡದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮೆಚ್ಚಿಕೊಂಡ ಹಾಗೆ ತಲೆಯಾಡಿಸಿದರು. ಆಮೇಲೆ, ಕೇಳುವುದೋ ಬೇಡವೋ ಎಂಬ ದನಿಯಲ್ಲಿ, ಹಾಗಾದರೆ ಹೋದ ತಿಂಗಳು ನಿಮ್ಮ ಗೆಳತಿ ಆಡಿದ ಆ ಒಳ್ಳೆಯ ಮಾತುಗಳು ಕೂಡ ನಿಮ್ಮವೇ ಎಂದು ಕೇಳಿದರು. ಇಲ್ಲ ಅನ್ನಬೇಕಿತ್ತು. ಇಲ್ಲ, ಅವು ಪೂರ್ತಿ ಅವರವೇ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ಲೋಟದ ಹಬೆಯನ್ನು ನೋಡುತ್ತ, "ವಾಕ್ಯ ಮಾತ್ರ ನನ್ನದು" ಎಂದಳು. ಹೇಳಿದ ಮೇಲೆ ಆ ಮಾತಿನ ರುಚಿ ನಾಲಿಗೆಯ ಮೇಲೆ ಉಳಿಯಿತು. ಅದು ಸಂಕೋಚದಲ್ಲಿ ಹೇಳಿದ ಮಾತಲ್ಲ. ಅದರೊಳಗೆ ಸಣ್ಣದೊಂದು ಹೆಮ್ಮೆ ಕಾಲು ಚಾಚಿ ಕೂತಿತ್ತು. ಇಷ್ಟು ದಿನ ಯಾರೂ ಗುರುತಿಸದೆ ಹೋಗಿದ್ದ ತನ್ನ ಕೆಲಸವನ್ನು ಇವರಾದರೂ ಗುರುತಿಸಲಿ ಎಂಬ ಆಸೆ.

ಮೇಷ್ಟ್ರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಎರಡನೆಯ ಅವಧಿಯಲ್ಲಿ ನೀವು ಇರಲಿಲ್ಲ ಅಲ್ಲವೇ ಎಂದರು. ಸಿಸ್ಟರ್ ಆಗ ಕೈ ಎತ್ತಿ ಮಾತಾಡಿದ್ದಳಂತೆ, ಯಾವುದೋ ಆಸ್ಪತ್ರೆಯ ಗಂಟೆಯ ಉದಾಹರಣೆ. ವಿಚಾರ ಚೆನ್ನಾಗಿತ್ತು, ಆದರೆ ಬಹಳ ತಡವರಿಸಿದರು, ನಡುವೆ ನಿಂತೇಹೋದರು, ಹೋದ ತಿಂಗಳು ಅಷ್ಟು ಸಲೀಸಾಗಿ ಮಾತಾಡಿದವರು ಇವತ್ತು ಯಾಕೆ ಹೀಗೆ ಎಂದು ಆಗಿನಿಂದ ಯೋಚಿಸುತ್ತಿದ್ದೆ, ಈಗ ತಿಳಿಯಿತು ಎಂದರು. ಕೋಪದಿಂದ ಹೇಳಲಿಲ್ಲ. ಭಾಷೆ ಸುಧಾರಿಸಿದೆ ಎಂದು ಸಮಿತಿಗೆ ನಾನೇ ಹೇಳಿಬಿಟ್ಟಿದ್ದೇನೆ, ಗೊತ್ತಿಲ್ಲದೆ ಹೇಳಿದ್ದು, ಗೊತ್ತಾದ ಮೇಲೂ ಸುಮ್ಮನಿರಲಾಗುವುದಿಲ್ಲವಲ್ಲ ಎಂದು ನಿಜವಾದ ಸಂಕಟದಿಂದ ಹಣೆ ಉಜ್ಜಿಕೊಂಡರು. ಅವಳು ಗಾಬರಿಯಿಂದ, ಸ್ವಲ್ಪವೇ ತಿದ್ದಿದ್ದು, ಎಲ್ಲರೂ ಒಬ್ಬರಿಗೊಬ್ಬರು ಸಹಾಯ ಮಾಡುತ್ತಾರೆ, ವಿಚಾರವೆಲ್ಲ ಅವರದೇ ಎಂದು ಏನೇನೋ ಹೇಳಿದಳು. ಮೊದಲ ಬಾರಿಗೆ ಅವಳ ಇಂಗ್ಲಿಷ್ ಮುರಿದು ಬೀಳುತ್ತಿತ್ತು. ಮೇಷ್ಟ್ರು ಅವಳನ್ನು ಬಾಗಿಲಿನವರೆಗೂ ಬಿಡಲು ಬಂದರು. ಪ್ರಾಮಾಣಿಕವಾಗಿ ಬಂದು ಹೇಳಿದಿರಿ, ನಿಮಗೆ ಇದರಿಂದ ಏನೂ ತೊಂದರೆಯಾಗುವುದಿಲ್ಲ, ನಿಶ್ಚಿಂತೆಯಿಂದಿರಿ ಎಂದು ಸಮಾಧಾನ ಹೇಳಿ ಕಳಿಸಿದರು.

ಅವರು ಬಾಡಿಗೆಗಿದ್ದ ಎರಡು ಕೋಣೆಯ ಮನೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲಿತ್ತು. ಮೆಟ್ಟಿಲಿನಲ್ಲಿ ಯಾವಾಗಲೂ ಬೆಚ್ಚಗಿನ ಒದ್ದೆ ಬಟ್ಟೆಯ ವಾಸನೆ. ಅವಳು ಮೇಲೆ ಹತ್ತುವ ಹೊತ್ತಿಗೆ ಬೀದಿದೀಪಗಳು ಹತ್ತಿದ್ದವು. ಒಳಗೆ ಒಗ್ಗರಣೆಯ ಸದ್ದು, ಜೊತೆಗೆ ಸಿಸ್ಟರ್ ಗುನುಗುತ್ತಿದ್ದದ್ದು ಕೇಳಿಸಿತು. ಅವಳ ಕೋಟು ಒಲೆಯ ಹತ್ತಿರದ ಕುರ್ಚಿಯ ಬೆನ್ನಿಗೆ ನೇತುಬಿದ್ದು ಬೆಚ್ಚಗಾಗುತ್ತಿತ್ತು. "ಕೋಟು ಬಿಟ್ಟು ಯಾವ ಲೋಕ ಸುತ್ತೋಕೆ ಹೋಗಿದ್ದೆ? ನಿನಗೇನಾದ್ರೂ ಆದ್ರೆ ನಿಮ್ಮಮ್ಮನಿಗೆ ಯಾರು ಉತ್ತರ ಹೇಳೋದು?" ಎಂದು ಸಿಸ್ಟರ್ ಹಣೆ ಮುಟ್ಟಿ ನೋಡಿದಳು. ನರ್ಸಿನ ಕೈ, ಒಣಗಿದ, ಚುರುಕಾದ, ಬೆರಳ ಹಿಂಭಾಗದಿಂದ ಮುಟ್ಟುವ ಕೈ. ಅವಳು, ಅಕ್ಕ, ಬೆಳಿಗ್ಗೆ, ಎಂದು ಶುರುಮಾಡಿದಳು.

"ಬೆಳಿಗ್ಗೆದು ಬಿಡು. ಮೊದಲು ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ನಿನ್ನ ಜುಟ್ಟು ಹಿಡಿದು ಎಳೆಯೋಣ ಅನ್ನಿಸ್ತು. ಆಮೇಲೆ ನೋಡಿದ್ರೆ ನಿನ್ನ ಜಾಗ ಖಾಲಿ. ಎಲ್ಲೋ ನಿಂತು ಅಳ್ತಿದ್ದಾಳೆ ಪೆದ್ದಿ ಅಂತ ಗೊತ್ತಾಯ್ತು, ಸಿಟ್ಟು ಇಳಿದುಹೋಯ್ತು. ಹೆದರಿದಾಗ ಬಾಯಿಗೆ ಬಂದದ್ದು ಆಡೋದೇ. ಹೆರಿಗೆಗೆ ಬಂದವರು ಏನೇನು ಬೈತಾರೆ ಅಂತ ನಿನಗೇನು ಗೊತ್ತು? ಅದನ್ನೆಲ್ಲ ಯಾರಾದ್ರೂ ಮನಸ್ಸಿಗೆ ಹಚ್ಚಿಕೊಳ್ತಾರಾ?"

ತಟ್ಟೆ ಇಡುತ್ತ, ಪಾತ್ರೆಯ ಮುಚ್ಚಳ ತೆಗೆಯುತ್ತ ಸಿಸ್ಟರ್ ಎರಡನೆಯ ಅವಧಿಯ ಕಥೆ ಹೇಳಿದಳು. ವಾಕ್ಯ ಹೋಯಿತು, ಉಳಿದದ್ದು ಬೆಲ್ ಒಂದೇ, ಅದನ್ನೇ ಒತ್ತಿಬಿಟ್ಟೆ ಎಂದು ತನ್ನ ಮಾತಿಗೆ ತಾನೇ ನಕ್ಕಳು. ಹಿಂದಿನ ಸಾಲಿನ ಗಡ್ಡದವನು ಕಿಸಕ್ಕೆಂದನಂತೆ. ನಗಲಿ, ಅವನ ಹೆಂಡತಿ ಒಂದಿನ ವಾರ್ಡಿಗೆ ಬರಲಿ, ಆಗ ಗೊತ್ತಾಗುತ್ತೆ ಎಂದುಕೊಂಡು ಮುಂದುವರಿದಳಂತೆ. ನಡುವೆ ಒಂದು ಪದ ಸಿಗದೆ ಸುಮ್ಮನೆ ಬೆರಳಿನಲ್ಲಿ ಗಾಳಿಯನ್ನು ಒತ್ತಿ ತೋರಿಸಿದಳಂತೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಆ ಪದ ಎತ್ತಿಕೊಟ್ಟಳಂತೆ. ಮೇಷ್ಟ್ರು ಬೋರ್ಡಿನಲ್ಲೇನೂ ಬರೆಯಲಿಲ್ಲ, ಆದರೆ ಪೂರ್ತಿ ಮುಗಿಯುವವರೆಗೂ ಬೇರೆ ಯಾರನ್ನೂ ಕರೆಯದೆ ಕಾದರು. ಅಷ್ಟೇ. ಅಷ್ಟನ್ನು ಹೇಳುವಾಗ ಸಿಸ್ಟರಿನ ಮುಖ ಮಗುವನ್ನು ಮೊದಲ ಬಾರಿಗೆ ಎತ್ತಿಕೊಂಡು ಹೊರಗೆ ಬಂದು ಮನೆಯವರಿಗೆ ತೋರಿಸುವವಳ ಮುಖದ ಹಾಗಿತ್ತು. ಡಾಕ್ಟರಮ್ಮನಿಗೆ ಆಗಲೇ ಫೋನ್ ಮಾಡಿ ಹೇಳಿಯೂ ಆಗಿತ್ತು. ಅವಳು ಅನ್ನವನ್ನು ನೋಡುತ್ತ ಕೂತಳು. ಈಗ ಹೇಳಬೇಕು. ಸಿಸ್ಟರ್ ಸೌಟು ಕೆಳಗಿಟ್ಟ ಮೇಲೆ ಹೇಳುತ್ತೇನೆ. ಕೂತ ಮೇಲೆ ಹೇಳುತ್ತೇನೆ. ಒಂದು ತುತ್ತು ತಿಂದ ಮೇಲೆ.

ಮೇಜಿನ ತುದಿಯಲ್ಲಿದ್ದ ಸಿಸ್ಟರಿನ ಲ್ಯಾಪ್‌ಟಾಪು ಸಣ್ಣಗೆ ಸದ್ದು ಮಾಡಿತು. ಸಿಸ್ಟರ್ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿ, ಮೇಷ್ಟ್ರದ್ದು ಕಣೆ ಎಂದಳು. ನಾಳೆ ಬೆಳಿಗ್ಗೆ ಬಂದು ಕಾಣಬೇಕಂತೆ, ವರ್ಷವಿಡೀ ತರಗತಿಯಲ್ಲಿ ಮಾತಾಡಿದ್ದರ ಬಗ್ಗೆ ವಿಚಾರಿಸುವುದಿದೆಯಂತೆ, ಸಮಿತಿಯವರೂ ಒಬ್ಬರು ಇರುತ್ತಾರಂತೆ. ಓದುತ್ತ ಓದುತ್ತ ಅವಳ ದನಿ ಏರಿತು. "ಬೆಲ್ಲಿನ ಮಾತು ಹಿಡಿಸಿಬಿಟ್ಟಿದೆ ಅವರಿಗೆ. ನೋಡಿದ್ಯಾ, ನೀನು ಹೊಡೆದುಹಾಕಿದ್ದೆ." ಲ್ಯಾಪ್‌ಟಾಪನ್ನು ತಟ್ಟೆಗಳ ನಡುವಿನಿಂದ ಜರುಗಿಸಿ ಅವಳ ಮುಂದೆ ಇಟ್ಟಳು. ಬರುತ್ತೇನೆ ಅಂತ ಉತ್ತರ ಹಾಕು, ಮರ್ಯಾದೆಯಾಗಿರಲಿ, ನನ್ನ ಇಂಗ್ಲಿಷಿನಲ್ಲಿ ಬರೆದರೆ ಕರೆದದ್ದನ್ನೇ ವಾಪಸ್ ತಗೊಂಡಾರು ಎಂದಳು. ಅವಳು ಬರೆದಳು. ಕೈಗಳು ತಾವೇ ಬರೆದವು: ಕೃತಜ್ಞತೆ, ಖಂಡಿತ ಬರುತ್ತೇನೆ, ಇಂಥ ಹೊತ್ತಿಗೆ. ಒಳ್ಳೆಯ ವಾಕ್ಯಗಳು. ಸಿಸ್ಟರ್ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತ ನಿಂತಿದ್ದಳು.

"ಇನ್ನೊಂದು ಸೇರಿಸು. ನನ್ನ ಜೊತೆ ಇರೋ ಹುಡುಗಿ ದಿನಾ ಕೂತು ತಿದ್ದಿಕೊಡದೇ ಹೋಗಿದ್ರೆ ನಾನು ಬಾಯಿ ಬಿಡೋ ಧೈರ್ಯನೇ ಮಾಡ್ತಿರಲಿಲ್ಲ ಅಂತ. ನಿನ್ನ ಹೆಸರೂ ಹಾಕು. ಅವರಿಗೂ ಗೊತ್ತಾಗಲಿ."

ಅವಳ ಬೆರಳುಗಳು ನಿಂತವು. ಬೇಡ ಅಕ್ಕ ಎಂದಳು. ಯಾಕೆ, ನಾಚಿಕೆನಾ ಎಂದು ಸಿಸ್ಟರ್ ಬೆನ್ನಿಗೆ ಮೆಲ್ಲಗೆ ಗುದ್ದಿದಳು.

"ಅವರಿಗೆ ಗೊತ್ತು."

"ಏನು ಗೊತ್ತು?"

"ಮಧ್ಯಾಹ್ನ ನಾನು ಹೋಗಿದ್ದೆ. ಬೆಳಿಗ್ಗೆ ಆಡಿದ್ದು ನಿಮ್ಮ ಮಾತು ಅಂತ ಹೇಳೋಕೇ ಹೋಗಿದ್ದು. ಅವರು ಹಿಂದಿನದ್ದನ್ನೂ ಕೇಳಿದ್ರು. ಅದೂ ಹೇಳಿಬಿಟ್ಟೆ."

ಹೆಗಲ ಹಿಂದಿನ ಉಸಿರು ದೂರ ಸರಿಯಿತು. ಸಿಸ್ಟರ್ ಸುತ್ತಿ ಬಂದು ಎದುರಿನ ಕುರ್ಚಿಯಲ್ಲಿ ಕೂತು, ಲ್ಯಾಪ್‌ಟಾಪನ್ನು ತನ್ನ ಕಡೆ ಅರ್ಧ ತಿರುಗಿಸಿಕೊಂಡು, ಮೇಷ್ಟ್ರ ಪತ್ರವನ್ನು ಮತ್ತೆ ಓದತೊಡಗಿದಳು. ಈ ಸಲ ಬೆರಳಿಟ್ಟು, ತುಟಿ ಅಲುಗಿಸುತ್ತ, ಒಂದೊಂದೇ ಪದವಾಗಿ. ಸಮಿತಿಯ ಮಾತು ಬಂದಲ್ಲಿ ಬೆರಳು ನಿಂತಿತು. ಅವಳು, ನಾಳೆ ನಾನೂ ಬರುತ್ತೇನೆ, ವಿಚಾರವೆಲ್ಲ ನಿಮ್ಮದೇ ಎಂದು ಮತ್ತೆ ಹೇಳುತ್ತೇನೆ, ನಾನು ಒಳ್ಳೆಯದಕ್ಕೆಂದೇ ಹೋದದ್ದು ಎಂದಳು. ಸಿಸ್ಟರ್ ಅವಳನ್ನು ನೋಡಿದಳು. ಸಿಟ್ಟಿನಿಂದಲ್ಲ. ವಾರ್ಡಿನಲ್ಲಿ ಬಹಳ ಹೊತ್ತು ಕಾದು ಕೂತ ಸಂಬಂಧಿಕರನ್ನು ನೋಡುವ ಹಾಗೆ ನೋಡಿದಳು.

"ಹೇಳು ಅಂತ ನಾನು ಕೇಳಿದ್ನಾ?" ಎಂದಳು.

ಕೆಳಗೆ ಇಸ್ತ್ರಿ ಅಂಗಡಿಯವನು ಬಾಗಿಲು ಎಳೆದ ಸದ್ದಾಯಿತು. ಸಿಸ್ಟರ್ ಎದ್ದು ಒಲೆ ಆರಿಸಿದಳು, ಪಾತ್ರೆಯಲ್ಲಿ ಉಳಿದ ಪಲ್ಯವನ್ನು ಪೂರ್ತಿ ಅವಳ ತಟ್ಟೆಗೆ ಹಾಕಿದಳು. "ಉಣ್ಣು. ಆರಿಹೋಗುತ್ತೆ" ಎಂದಳು. ಆಮೇಲೆ ಕೂತು, ಲ್ಯಾಪ್‌ಟಾಪನ್ನು ಪೂರ್ತಿ ತನ್ನ ಕಡೆ ತಿರುಗಿಸಿಕೊಂಡು, ಅವಳು ಬರೆದದ್ದನ್ನೆಲ್ಲ ಅಳಿಸಿ, ಒಂದೇ ಬೆರಳಿನಲ್ಲಿ ಉತ್ತರ ಬರೆಯಲು ಶುರುಮಾಡಿದಳು. ಒಂದು ಅಕ್ಷರ, ಬಿಡುವು, ಮತ್ತೊಂದು ಅಕ್ಷರ. ಅವಳು ಕೂತಲ್ಲಿಂದ ಪರದೆ ಕಾಣುತ್ತಿರಲಿಲ್ಲ, ಸಿಸ್ಟರಿನ ಮುಖದ ಮೇಲೆ ಬಿದ್ದ ಅದರ ಬೆಳಕು ಮಾತ್ರ ಕಾಣುತ್ತಿತ್ತು. ಯಾವುದೋ ಪದದ ಹತ್ತಿರ ಬೆರಳು ಗಾಳಿಯಲ್ಲಿ ತಡೆದು ನಿಂತಿತು, ಬಹಳ ಹೊತ್ತು ನಿಂತಿತು. ಸಿಸ್ಟರ್ ತಲೆ ಎತ್ತಲಿಲ್ಲ, ಆ ಪದವನ್ನು ಅವಳ ಹತ್ತಿರ ಕೇಳಲಿಲ್ಲ. ಅವಳು ಅನ್ನ ಕಲಸಿ ತುತ್ತು ಬಾಯಿಗಿಟ್ಟುಕೊಂಡು, ಆ ಬೆರಳು ಇಳಿಯುವುದನ್ನೇ ಕಾಯುತ್ತ ಕೂತಳು.